ಕಾಣದ ಗಾಯಕ್ಕೆ ಸಾಕ್ಷಿ ಎಲ್ಲಿ?

1973ರ ಜುಲೈ 12ರಂದು, ನಡುರಾತ್ರಿ ಕಳೆದು ಕೆಲವೇ ನಿಮಿಷಗಳಾಗಿದ್ದಾಗ, ಅಮೆರಿಕದ ಸೇಂಟ್ ಲೂಯಿಸ್ ನಗರದ ಹೊರವಲಯದ ಸರ್ಕಾರಿ ಕಟ್ಟಡವೊಂದರ ಆರನೆಯ ಮಹಡಿಗೆ ಬೆಂಕಿ ಬಿತ್ತು. ಅಲ್ಲಿ ತುಂಬಿದ್ದುದು ಬರೀ ಕಾಗದ. ಸೈನ್ಯದಿಂದ ಬಿಡುಗಡೆಯಾದವರ ಸೇವಾ ಕಡತಗಳನ್ನು ಪೆಟ್ಟಿಗೆಗಳಲ್ಲಿ ಸಾಲು ಸಾಲಾಗಿ ಜೋಡಿಸಿಟ್ಟಿದ್ದ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರ ಅದು. ಬೆಂಕಿ ಪೂರ್ತಿ ಆರಲು ನಾಲ್ಕು ದಿನಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು ಹೋಗಿಬಿಟ್ಟಿದ್ದವು. 1912ರ ನವೆಂಬರ್‌ನಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಹೊರಬಂದವರ ದಾಖಲೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಬೂದಿಯಾದವು. ಅವುಗಳ ನಕಲು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಯಾರ ಕಡತ ಎಲ್ಲಿತ್ತೆಂದು ತಿಳಿಸುವ ಅನುಕ್ರಮಣಿಕೆಯೂ ಇರಲಿಲ್ಲ. ಎರಡು ಮಹಾಯುದ್ಧಗಳಲ್ಲೂ ಕೊರಿಯಾ ಯುದ್ಧದಲ್ಲೂ ದುಡಿದ ಲಕ್ಷಾಂತರ ಮಂದಿ ಸೈನ್ಯದಲ್ಲಿದ್ದಾಗ ಏನೇನಾಯಿತೆಂಬುದಕ್ಕೆ ಇದ್ದ ಮೂಲ ಪುರಾವೆ ಒಂದೇ ವಾರದಲ್ಲಿ ಇಲ್ಲವಾಯಿತು.

ಶೆಲ್ ಬಿದ್ದು ಕಾಲು ಕಳೆದುಕೊಂಡವನಿಗೆ ಈ ಬೆಂಕಿಯಿಂದ ಆದ ನಷ್ಟ ಅಷ್ಟೇನೂ ದೊಡ್ಡದಲ್ಲ. ಪಿಂಚಣಿ ಕಚೇರಿಯ ಗುಮಾಸ್ತನ ಮುಂದೆ ಅವನು ಹೋಗಿ ನಿಂತರೆ ಸಾಕು. ಆದರೆ ಯುದ್ಧದಿಂದ ಮರಳಿದ ಮೇಲೆ ರಾತ್ರಿ ನಿದ್ದೆ ಬಾರದ, ಜನ ಸೇರಿದ ಕಡೆ ಉಸಿರು ಕಟ್ಟುವ, ಬಾಗಿಲು ಬಡಿದ ಸದ್ದಿಗೆ ಬೆಚ್ಚಿಬೀಳುವ ಮನುಷ್ಯನ ಮೈಯಲ್ಲಿ ತೋರಿಸಲು ಏನಿದೆ? ಅವನ ಪಾಲಿಗೆ ಕಾಗದವೇ ಸಾಕ್ಷಿ. ಆ ಕಾಗದ ಇಲ್ಲದಿದ್ದರೆ ಏನು ಮಾಡಬೇಕು? ಸಂಶಯ ಬಂದಾಗ ಅದರ ಲಾಭ ಯಾರಿಗೆ ಸಲ್ಲಬೇಕು, ಬೇಡುವವನಿಗೋ ಕೊಡುವ ಸರ್ಕಾರಕ್ಕೋ? ಮನೋವ್ಯಾಧಿಗಾಗಿ ವೈಕಲ್ಯ ಪರಿಹಾರ ಕೇಳುವ ಮಾಜಿ ಸೈನಿಕರ ನೂರೈವತ್ತು ವರ್ಷಗಳ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

ಆತಂಕ ಎಂಬ ಪದವನ್ನು ನಾವು ದಿನಕ್ಕೆ ಹತ್ತು ಸಲ ಬಳಸುತ್ತೇವೆ. ಪ್ರಶ್ನೆಪತ್ರಿಕೆ ಕೈಗೆ ಬರುವ ಮುನ್ನ ಎದೆ ಡವಗುಟ್ಟುವುದು, ಅಂಗೈ ಬೆವರುವುದು, ಓದಿದ್ದೆಲ್ಲ ಮರೆತಂತಾಗುವುದು ಯಾವ ವಿದ್ಯಾರ್ಥಿಗೂ ಹೊಸದಲ್ಲ. ಅದು ರೋಗವಲ್ಲ. ಅಪಾಯ ಕಂಡಾಗ ಓಡುವುದಕ್ಕೋ ಎದುರಿಸುವುದಕ್ಕೋ ದೇಹ ಸಜ್ಜಾಗುವ ರೀತಿ ಅದು. ಅಡ್ರಿನಲಿನ್ ರಕ್ತಕ್ಕೆ ಸೇರಿ ಹೃದಯದ ಬಡಿತ ಏರುತ್ತದೆ. ಎರಡು ಉತ್ತರ ಬರೆಯುವಷ್ಟರಲ್ಲಿ ಇಳಿಯುತ್ತದೆ. ತಿಂಗಳುಗಟ್ಟಲೆ ಗುಂಡು, ಸಿಡಿಮದ್ದುಗಳ ನಡುವೆ ಇದ್ದುಬಂದ ಕೆಲವರಲ್ಲಿ ಮಾತ್ರ ಅದು ಇಳಿಯುವುದೇ ಇಲ್ಲ. ಮನೆಯ ಸೋಫಾದ ಮೇಲೆ ಕುಳಿತಿದ್ದರೂ ದೇಹ ಇನ್ನೂ ಕಂದಕದಲ್ಲೇ ಇದ್ದಂತೆ ವರ್ತಿಸುತ್ತದೆ. ಹೋಟೆಲಿಗೆ ಹೋದರೆ ಬಾಗಿಲು ಕಾಣುವಂತೆ, ಗೋಡೆಗೆ ಬೆನ್ನು ಮಾಡಿ ಕೂರುತ್ತಾರೆ. ಅಮೆರಿಕದಲ್ಲಿ ಜುಲೈ 4ರ ಸ್ವಾತಂತ್ರ್ಯ ದಿನಕ್ಕೆ ಪಟಾಕಿ ಹಾರಿಸುವ ಪದ್ಧತಿಯುಂಟು. ಆ ರಾತ್ರಿಯನ್ನು ಹೇಗೆ ಕಳೆಯುವುದೆಂದು ವಾರದ ಮೊದಲೇ ಚಿಂತಿಸುವ ಮಾಜಿ ಸೈನಿಕರಿದ್ದಾರೆ.

ಇದು ಇತ್ತೀಚಿನವರು ಕಂಡುಹಿಡಿದ ಕಾಯಿಲೆ ಎಂದು ಕೆಲವರು ಮೂಗು ಮುರಿಯುವುದುಂಟು. ಹಾಗೇನೂ ಇಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಫಿಲಡೆಲ್ಫಿಯಾದ ಸೈನಿಕ ಆಸ್ಪತ್ರೆಯಲ್ಲಿದ್ದ ಡಾ. ಜೇಕಬ್ ಡಾಕೋಸ್ಟಾ ಅವರ ಬಳಿಗೆ ಎದೆನೋವು, ಏದುಸಿರು, ಹೃದಯ ಹೊಡೆದುಕೊಳ್ಳುವ ದೂರುಗಳೊಂದಿಗೆ ಸೈನಿಕರು ಬರುತ್ತಲೇ ಇದ್ದರು. ಪರೀಕ್ಷಿಸಿದರೆ ಹೃದಯದಲ್ಲಿ ದೋಷವೇ ಕಾಣುತ್ತಿರಲಿಲ್ಲ. 1871ರಲ್ಲಿ ಅವರು ಇಂಥ ರೋಗಿಗಳ ವಿವರ ಕಲೆಹಾಕಿ, ಇದು 'ಕೆರಳಿದ ಹೃದಯ' ಎಂದು ಬರೆದರು. ಇಂದಿನ ವೈದ್ಯರು ಆ ಲೇಖನವನ್ನು ಓದಿದರೆ ಅದರಲ್ಲಿ ಆತಂಕ ರೋಗದ ಲಕ್ಷಣಗಳನ್ನು ಸುಲಭವಾಗಿ ಗುರುತಿಸುತ್ತಾರೆ. ಆ ಕಾಲಕ್ಕೆ ಮನಸ್ಸಿನ ಗಾಯಕ್ಕೆ ಹೆಸರಿರಲಿಲ್ಲವಾದ್ದರಿಂದ ತಪ್ಪೆಲ್ಲ ಹೃದಯದ ಮೇಲೆ ಬಿತ್ತು.

ಮೊದಲ ಮಹಾಯುದ್ಧದಲ್ಲಿ ಹೆಸರು ಬದಲಾಯಿತು. 1915ರಲ್ಲಿ ಚಾರ್ಲ್ಸ್ ಮಯರ್ಸ್ ಎಂಬ ಬ್ರಿಟಿಷ್ ವೈದ್ಯರು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ 'ಶೆಲ್ ಶಾಕ್' ಬಗ್ಗೆ ಬರೆದರು. ಸಿಡಿಗುಂಡಿನ ಆಘಾತದಿಂದ ಮಿದುಳಿನ ನರಗಳು ಅಲುಗಾಡಿರಬೇಕು ಎಂಬ ಊಹೆ ಆ ಹೆಸರಿನಲ್ಲಿತ್ತು. ಆದರೆ ಶೆಲ್ಲಿನ ಹತ್ತಿರವೂ ಸುಳಿಯದವರಲ್ಲಿ ಅದೇ ನಡುಕ, ಅದೇ ಮೂಕತನ ಕಾಣಿಸಿಕೊಂಡಾಗ ಸೇನಾಧಿಕಾರಿಗಳಿಗೆ ಇರಿಸುಮುರಿಸಾಯಿತು. 1917ರ ಹೊತ್ತಿಗೆ ಆ ಪದವನ್ನೇ ಬಳಸಬಾರದೆಂದು ಅಪ್ಪಣೆ ಹೊರಟಿತು. ರೋಗಿಯ ಚೀಟಿಯ ಮೇಲೆ 'ನರದೌರ್ಬಲ್ಯ, ಇನ್ನೂ ನಿರ್ಧಾರವಾಗಿಲ್ಲ' ಎಂಬರ್ಥದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬರೆಯತೊಡಗಿದರು. ಹೆಸರು ಕೊಟ್ಟರೆ ಪಿಂಚಣಿ ಕೊಡಬೇಕಾದೀತು ಎಂಬ ಅಂಜಿಕೆ ಸರ್ಕಾರಗಳಿಗೆ ಅಂದೂ ಇತ್ತು.

ಹ್ಯಾರಿ ಫಾರ್ ಎಂಬ ಬ್ರಿಟಿಷ್ ಸಿಪಾಯಿಯ ಪ್ರಕರಣ ಇಲ್ಲಿ ನೆನೆಯತಕ್ಕದ್ದು. 1915ರಲ್ಲಿ ಶೆಲ್ ಶಾಕ್‌ಗಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮತ್ತೆ ರಣರಂಗಕ್ಕೆ ಹೋದ ಈ ಮನುಷ್ಯ, ಮರುವರ್ಷ ಮುಂಚೂಣಿಗೆ ಹೋಗಲು ತನ್ನಿಂದಾಗದು ಎಂದ. ಹೇಡಿತನದ ಆರೋಪ ಹೊರಿಸಿ 1916ರ ಅಕ್ಟೋಬರ್‌ನಲ್ಲಿ ಅವನ ಸೈನ್ಯವೇ ಅವನನ್ನು ಗುಂಡಿಟ್ಟು ಕೊಂದಿತು. ಹೆಂಡತಿಗೆ ಪಿಂಚಣಿಯೂ ದಕ್ಕಲಿಲ್ಲ. ಚಿಕ್ಕ ಮಗಳನ್ನು ಕಟ್ಟಿಕೊಂಡು ಆಕೆ ಬದುಕು ಸಾಗಿಸಿದಳು. ಆ ಯುದ್ಧದಲ್ಲಿ ಹೀಗೆ ಮರಣದಂಡನೆಗೆ ಗುರಿಯಾದ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ಘೋಷಿಸಿದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಆ ಮಗಳು ತೊಂಬತ್ತು ದಾಟಿದ ಮುದುಕಿ.

ಅಮೆರಿಕದಲ್ಲಿ ಗಾಳಿ ತಿರುಗಿದ್ದು ವಿಯೆಟ್ನಾಂ ಯುದ್ಧದ ನಂತರ. ಯುದ್ಧದಿಂದ ಮರಳಿದ ಯುವಕರು 1970ರ ಸುಮಾರಿಗೆ ನ್ಯೂಯಾರ್ಕ್‌ನಲ್ಲಿ ವಾರವಾರ ಒಟ್ಟಿಗೆ ಕುಳಿತು ತಮಗಾದದ್ದನ್ನು ಮಾತಾಡಿಕೊಳ್ಳತೊಡಗಿದರು. ಚೈಮ್ ಶಾಟಾನ್, ರಾಬರ್ಟ್ ಜೇ ಲಿಫ್ಟನ್ ಎಂಬ ಇಬ್ಬರು ಮನೋವೈದ್ಯರು ಅವರ ಜೊತೆ ಕುಳಿತು ಕೇಳಿಸಿಕೊಂಡರು. ಮನೋವೈದ್ಯರೆಲ್ಲ ಬಳಸುವ ರೋಗಗಳ ಕೈಪಿಡಿಯಲ್ಲಿ ಆಗ ಇಂಥ ತೊಂದರೆಗೆ ಹೆಸರೇ ಇರಲಿಲ್ಲ. ಸೈನ್ಯ ಬಿಟ್ಟು ಎರಡು ಮೂರು ವರ್ಷಗಳಾದ ಮೇಲೆ ದುಃಸ್ವಪ್ನ ಶುರುವಾದರೆ ಅದಕ್ಕೂ ಯುದ್ಧಕ್ಕೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿರಲಿಲ್ಲ. ಹತ್ತು ವರ್ಷಗಳ ಒತ್ತಾಯದ ಫಲವಾಗಿ 1980ರಲ್ಲಿ ಹೊರಬಂದ ಆ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ 'ಆಘಾತೋತ್ತರ ಮನೋವ್ಯಾಧಿ' ಸೇರಿತು. ಇಂಗ್ಲಿಷಿನಲ್ಲಿ ಅದು ಪಿಟಿಎಸ್‌ಡಿ ಎಂಬ ಹೆಸರಿನಿಂದ ಪ್ರಸಿದ್ಧ. ರೋಗಕ್ಕೊಂದು ಹೆಸರು ಸಿಕ್ಕಿದ್ದೇ ತಡ, ಅರ್ಜಿಗೊಂದು ಕಾಲಂ ಸಿಕ್ಕಿತು.

ಅಮೆರಿಕದ ಸಂಸತ್ತು 1983ರಲ್ಲಿ ಒಂದು ದೊಡ್ಡ ಸಮೀಕ್ಷೆಗೆ ಆದೇಶಿಸಿತು. ವಿಯೆಟ್ನಾಮಿನಲ್ಲಿ ಸೇವೆ ಸಲ್ಲಿಸಿದ್ದ ಪುರುಷರಲ್ಲಿ ನೂರಕ್ಕೆ 15ರಷ್ಟು ಮಂದಿಗೆ ಸಮೀಕ್ಷೆಯ ಕಾಲದಲ್ಲೂ, ಎಂದರೆ ಯುದ್ಧ ಮುಗಿದು ಹತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೂ, ಈ ತೊಂದರೆಯಿತ್ತು. ಲೆಕ್ಕ ಉಬ್ಬಿಸಿದ್ದು ಎಂಬ ಆಕ್ಷೇಪ ಬಹಳ ಕಾಲ ಕೇಳಿಬಂತು. 2006ರಲ್ಲಿ ಬ್ರೂಸ್ ಡೋರೆನ್‌ವೆಂಡ್ ಮತ್ತು ಸಂಗಡಿಗರು ಅದೇ ಮಾಹಿತಿಯನ್ನು ಸೈನ್ಯದ ದಾಖಲೆಗಳೊಂದಿಗೆ ತಾಳೆ ನೋಡಿದರು. ಪ್ರಮಾಣ ನೂರಕ್ಕೆ 9ರಷ್ಟಕ್ಕೆ ಇಳಿಯಿತು. ಆದರೆ ಯುದ್ಧದ ಅನುಭವವನ್ನು ಸುಳ್ಳು ಸುಳ್ಳೇ ಹೇಳಿಕೊಂಡಿದ್ದರೆಂಬುದಕ್ಕೆ ಅವರಿಗೆ ಹೆಚ್ಚಿನ ಆಧಾರ ಸಿಗಲಿಲ್ಲ. ಎರಡೂ ಕಡೆಯವರು ಈ ಅಧ್ಯಯನವನ್ನು ತಮ್ಮ ಪರವೆಂದೇ ಓದಿಕೊಂಡರು!

ಈಗ ಅರ್ಜಿಯ ದಾರಿಯನ್ನು ನೋಡೋಣ. ಅಮೆರಿಕದಲ್ಲಿ ಮಾಜಿ ಸೈನಿಕರ ವ್ಯವಹಾರಕ್ಕೆಂದೇ ಪ್ರತ್ಯೇಕ ಇಲಾಖೆಯಿದೆ. ಪರಿಹಾರ ಬೇಕಾದರೆ ಮೂರು ಸಂಗತಿ ಕೂಡಿಬರಬೇಕು. ಈಗ ರೋಗವಿದೆಯೆಂದು ವೈದ್ಯರು ಹೇಳಬೇಕು. ಸೇವೆಯಲ್ಲಿದ್ದಾಗ ಅದಕ್ಕೆ ಕಾರಣವಾಗುವಂಥದ್ದೇನೋ ನಡೆದಿರಬೇಕು. ಇವೆರಡಕ್ಕೂ ಕೊಂಡಿ ಇದೆಯೆಂದು ತೋರಬೇಕು. ಮೊದಲನೆಯದು ಅಷ್ಟೇನೂ ಕಷ್ಟವಲ್ಲ. ಮೂರನೆಯದಕ್ಕೆ ವೈದ್ಯರ ಅಭಿಪ್ರಾಯ ಬೇಕು. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ.

2004ರಲ್ಲಿ ಇರಾಕ್‌ಗೆ ಹೋಗಿದ್ದ ಒಬ್ಬ ಲಾರಿ ಚಾಲಕನನ್ನು ಊಹಿಸಿಕೊಳ್ಳಿ. ಅವನು ಬಂದೂಕು ಹಿಡಿದು ಯಾರ ಮೇಲೂ ಗುಂಡು ಹಾರಿಸಿದವನಲ್ಲ. ಆಹಾರ, ಇಂಧನ ಹೊತ್ತ ಲಾರಿಗಳ ಸಾಲಿನಲ್ಲಿ ದಿನಾ ಹೋಗಿಬರುತ್ತಿದ್ದ. ಒಂದು ದಿನ ಮುಂದಿನ ಲಾರಿ ರಸ್ತೆಬದಿಯ ಬಾಂಬಿಗೆ ಸಿಕ್ಕಿತು. ಅವನ ಮೈಗೆ ಒಂದು ಗೀರೂ ಆಗಲಿಲ್ಲ. ಆದ್ದರಿಂದ ಆಸ್ಪತ್ರೆಯ ಪುಸ್ತಕದಲ್ಲಿ ಅವನ ಹೆಸರಿಲ್ಲ, ಎದೆಯ ಮೇಲೆ ಪದಕವಿಲ್ಲ. ಮರುದಿನ ಅದೇ ರಸ್ತೆಯಲ್ಲಿ ಮತ್ತೆ ಲಾರಿ ಓಡಿಸಿದ. ಐದು ವರ್ಷಗಳ ನಂತರ ಊರಿನ ಹೆದ್ದಾರಿಯಲ್ಲಿ ರಸ್ತೆಬದಿ ಕಸದ ಚೀಲ ಕಂಡರೆ ಸ್ಟಿಯರಿಂಗ್ ಹಿಡಿದ ಕೈ ನಡುಗುತ್ತದೆ, ಕೆಲಸ ಬಿಡಬೇಕಾಗುತ್ತದೆ. ಎದುರಾಬದುರು ಕಾದಾಡಿದವನ ಮಾತನ್ನು ಹಳೆಯ ಕಾಯ್ದೆಯೇ ನಂಬುತ್ತಿತ್ತು. ಈ ಚಾಲಕ ಮಾತ್ರ ಆ ದಿನ, ಆ ರಸ್ತೆ, ಆ ಬಾಂಬು ಎಲ್ಲವನ್ನೂ ಕಾಗದದಲ್ಲಿ ತೋರಿಸಬೇಕಾಗಿತ್ತು. 2010ರ ಜುಲೈನಲ್ಲಿ ನಿಯಮ ಸಡಿಲಿಸಿದರು. ಶತ್ರುವಿನ ಇಲ್ಲವೇ ಭಯೋತ್ಪಾದಕರ ದಾಳಿಯ ಭೀತಿಯಲ್ಲಿ ಬದುಕಿದ್ದ ಎಂಬುದು ಅವನು ಸೇವೆ ಸಲ್ಲಿಸಿದ ಸ್ಥಳ, ಸನ್ನಿವೇಶಗಳಿಗೆ ಹೊಂದಿದರೆ, ಇಲಾಖೆಯ ಮನೋವೈದ್ಯರು ಇಲ್ಲವೇ ಮನಶ್ಶಾಸ್ತ್ರಜ್ಞರು ಅದನ್ನು ಅನುಮೋದಿಸಿದರೆ, ಅವನ ಸ್ವಂತ ಮಾತೇ ಸಾಕು. ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಬರಾಕ್ ಒಬಾಮಾ.

ಇಲ್ಲಿ ಒಂದು ತೊಡಕುಂಟು. ಈ ಸಡಿಲಿಕೆ ಆಘಾತೋತ್ತರ ಮನೋವ್ಯಾಧಿಗೆ ಮಾತ್ರ. ವೈದ್ಯರು ಅದರ ಬದಲು 'ಆತಂಕ ರೋಗ' ಎಂದೋ 'ಖಿನ್ನತೆ' ಎಂದೋ ಬರೆದರೆ ಹಳೆಯ ದಾರಿಯೇ ಗತಿ. ಲಕ್ಷಣ ಅವೇ, ಮನುಷ್ಯ ಅವನೇ. ಚೀಟಿಯ ಮೇಲಿನ ಪದ ಬೇರೆಯಾದರೆ ಪುರಾವೆಯ ಭಾರ ಬೇರೆ. ಹಿಂದೆ ಇದಕ್ಕಿಂತ ಕೆಟ್ಟದ್ದೂ ಆಗುತ್ತಿತ್ತು. ಪಿಟಿಎಸ್‌ಡಿ ಎಂದು ಅರ್ಜಿ ಬರೆದವನಿಗೆ ಪರೀಕ್ಷೆಯಲ್ಲಿ ಆತಂಕ ರೋಗ ಕಂಡುಬಂದರೆ, 'ನೀನು ಕೇಳಿದ ರೋಗ ನಿನಗಿಲ್ಲ' ಎಂದು ಅರ್ಜಿಯನ್ನೇ ತಿರಸ್ಕರಿಸುತ್ತಿದ್ದರು. 2009ರಲ್ಲಿ ಕ್ಲೆಮನ್ಸ್ ಪ್ರಕರಣದಲ್ಲಿ ಮಾಜಿ ಸೈನಿಕರ ಮೇಲ್ಮನವಿ ನ್ಯಾಯಾಲಯ ಇದಕ್ಕೆ ತಡೆ ಹಾಕಿತು. ರೋಗಕ್ಕೆ ಹೆಸರಿಡುವುದು ರೋಗಿಯ ಕೆಲಸವಲ್ಲ. ಅವನು ತನ್ನ ಬಾಧೆ ಹೇಳಿಕೊಂಡರೆ ಆ ಬಾಧೆಗೆ ಹೊಂದುವ ಎಲ್ಲ ಮನೋವ್ಯಾಧಿಗಳನ್ನೂ ಇಲಾಖೆ ಪರಿಶೀಲಿಸಬೇಕು ಎಂಬುದು ತೀರ್ಪಿನ ತಿರುಳು. ಇಷ್ಟು ಸರಳ ಮಾತಿಗೆ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಅಂದಹಾಗೆ, 1988ರವರೆಗೆ ಅಲ್ಲಿನ ಮಾಜಿ ಸೈನಿಕರು ಪಿಂಚಣಿಯ ತಕರಾರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವಂತೆಯೇ ಇರಲಿಲ್ಲ. ವಕೀಲರನ್ನು ಹಿಡಿಯೋಣವೆಂದರೆ, ಅಂತರ್ಯುದ್ಧದ ಕಾಲದ ಕಾಯ್ದೆಯೊಂದು ವಕೀಲರ ಶುಲ್ಕಕ್ಕೆ 10 ಡಾಲರ್‌ಗಳ ಮಿತಿ ಹಾಕಿತ್ತು. ಸೈನಿಕರನ್ನು ವಕೀಲರು ಸುಲಿಯಬಾರದೆಂಬ ಸದುದ್ದೇಶ ಅದರದ್ದು. ನೂರಿಪ್ಪತ್ತು ವರ್ಷ ಕಳೆದರೂ ಆ ಹತ್ತು ಡಾಲರ್ ಹಾಗೆಯೇ ಉಳಿದು, ಯಾವ ವಕೀಲನೂ ಅತ್ತ ತಲೆಹಾಕದಂತಾಯಿತು. 1985ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಮಿತಿಯನ್ನು ಎತ್ತಿಹಿಡಿದಿತ್ತು. 1988ರ ಕಾಯ್ದೆ ಎರಡನ್ನೂ ಬದಲಿಸಿತು, ಹೊಸ ನ್ಯಾಯಾಲಯವೂ ಹುಟ್ಟಿತು.

ಆ ನ್ಯಾಯಾಲಯ 1990ರಲ್ಲಿ ಗಿಲ್ಬರ್ಟ್ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂದಿಗೂ ಅಡಿಗಲ್ಲು. ಪರ ಮತ್ತು ವಿರೋಧದ ಪುರಾವೆ ಸರಿಸಮನಾಗಿ ತೂಗಿದರೆ ಸಂಶಯದ ಲಾಭ ಸೈನಿಕನಿಗೇ ಎನ್ನುತ್ತದೆ ಕಾನೂನು. ಸಾಮಾನ್ಯ ಸಿವಿಲ್ ವ್ಯಾಜ್ಯದಲ್ಲಿ ದಾವೆ ಹೂಡಿದವನ ಕಡೆಯ ತಕ್ಕಡಿ ಸ್ವಲ್ಪವಾದರೂ ಕೆಳಗಿಳಿಯಬೇಕು. ಇಲ್ಲಿ ಸಮನಾಗಿ ನಿಂತರೆ ಸಾಕು. ನ್ಯಾಯಾಧೀಶರು ಇದನ್ನು ವಿವರಿಸಲು ಮಕ್ಕಳು ಬಯಲಿನಲ್ಲಿ ಆಡುವ ಬೇಸ್‌ಬಾಲ್ ನಿಯಮವನ್ನೇ ತಂದರು: ಚೆಂಡೂ ಓಟಗಾರನೂ ಒಟ್ಟಿಗೆ ತಲುಪಿದರೆ ಓಟಗಾರ ಔಟಲ್ಲ. ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಪೈರ್‌ಗೆ ಅನುಮಾನ ಬಂದರೆ ಬ್ಯಾಟ್ಸ್‌ಮನ್ ಉಳಿದ! ಸೇಂಟ್ ಲೂಯಿಸ್ ಬೆಂಕಿಯಲ್ಲಿ ಕಡತ ಕಳೆದುಕೊಂಡವರ ವಿಷಯದಲ್ಲಂತೂ ಇಲಾಖೆ ಇನ್ನೂ ಹೆಚ್ಚು ಎಚ್ಚರದಿಂದ ಈ ನಿಯಮ ಪಾಲಿಸಬೇಕೆಂದು ಮರುವರ್ಷವೇ ಇನ್ನೊಂದು ತೀರ್ಪು ಬಂತು.

ಕಾಗದವಿಲ್ಲದ ಕಡೆ ಮನುಷ್ಯರ ಮಾತು ಬರುತ್ತದೆ. ಜೊತೆಯಲ್ಲಿದ್ದ ಸೈನಿಕ, ಹೆಂಡತಿ, ತಾಯಿ, ಬೆಳೆದ ಮಗಳು ಯಾರು ಬೇಕಾದರೂ ತಾವು ಕಂಡದ್ದನ್ನು ಬರೆದು ಸಹಿ ಹಾಕಿ ಕೊಡಬಹುದು. ಆ ಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಇಂಥ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ ಎಂದು 2006ರಲ್ಲಿ ಮೇಲಿನ ನ್ಯಾಯಾಲಯ ಹೇಳಿದೆ. 'ನಮ್ಮ ತಂದೆ ತುಂಬ ನರಳುತ್ತಿದ್ದಾರೆ' ಎಂಬ ಸಾಲಿನಿಂದ ಪರಿಶೀಲಿಸುವ ಅಧಿಕಾರಿಗೆ ಏನೂ ತಿಳಿಯುವುದಿಲ್ಲ. 'ವಾರದಲ್ಲಿ ಮೂರು ರಾತ್ರಿ ಎದ್ದು ಬಾಗಿಲ ಚಿಲಕ ನೋಡಿ ಬರುತ್ತಾರೆ, ನನ್ನ ಶಾಲೆಯ ವಾರ್ಷಿಕೋತ್ಸವಕ್ಕೆ ಒಮ್ಮೆಯೂ ಒಳಗೆ ಬಂದು ಕೂತವರಲ್ಲ, ಹೊರಗೆ ಕಾರಿನಲ್ಲೇ ಇರುತ್ತಿದ್ದರು' ಎಂದು ಬರೆದರೆ ತಿಳಿಯುತ್ತದೆ. ಹದಿನೆಂಟರ ಹುಡುಗಿಯೊಬ್ಬಳು ಅಪ್ಪನ ಬಗ್ಗೆ ಹೀಗೆ ಬರೆಯಲು ಕೂರುವುದು ಸುಲಭದ ಕೆಲಸವಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಮಾತು ಮೊದಲ ಸಲ ಸರ್ಕಾರಿ ನಮೂನೆಯ ಮೇಲೆ ಬೀಳುವುದು ಎಷ್ಟೋ ಕುಟುಂಬಗಳಲ್ಲಿ ಹೀಗೆಯೇ.

ಆಮೇಲೆ ಇಲಾಖೆಯ ಪರವಾಗಿ ವೈದ್ಯರ ಪರೀಕ್ಷೆ. ಹೊಸಬರು ಮೋಸಹೋಗುವುದು ಇಲ್ಲಿ. ಒಳಗೆ ಬರುತ್ತಿದ್ದಂತೆ ವೈದ್ಯರು 'ಹೇಗಿದ್ದೀರಿ?' ಎನ್ನುತ್ತಾರೆ. ಸೈನ್ಯದ ಶಿಸ್ತಿನಲ್ಲಿ ಬೆಳೆದವನ ಬಾಯಿಂದ 'ಆರಾಮ' ಎಂಬ ಉತ್ತರ ತಾನಾಗಿ ಬರುತ್ತದೆ. ಅದೂ ವರದಿಯಲ್ಲಿ ದಾಖಲಾಗುತ್ತದೆ. ಅರ್ಜಿದಾರರಿಗೆ ಉಚಿತವಾಗಿ ನೆರವಾಗುವ ಅಮೆರಿಕನ್ ಲೀಜನ್, ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್ ಮುಂತಾದ ಸಂಘಗಳು ಇಂಥ ಕಡೆಯೇ ಉಪಯೋಗಕ್ಕೆ ಬರುವುದು.

ಪರೀಕ್ಷೆಯ ನಂತರ ಅಂಕ. 1996ರಲ್ಲಿ ಬಂದ ಸೂತ್ರದಂತೆ ಮನೋವ್ಯಾಧಿಗಳಿಗೆಲ್ಲ ಒಂದೇ ಅಳತೆಗೋಲು: ಸೊನ್ನೆ, 10, 30, 50, 70, 100. ವಾರಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ದಿಗಿಲು ಹತ್ತುವುದು, ನಿದ್ದೆಗೇಡು, ಆಗಾಗ ಕೆಲಸ ಕೆಡುವುದು 30ರ ಲಕ್ಷಣ. ದಿಗಿಲು ವಾರಕ್ಕೆ ಒಂದಕ್ಕಿಂತ ಹೆಚ್ಚಾದರೆ 50ರತ್ತ ಸಾಗುತ್ತದೆ. ಕೆಲಸ ಮತ್ತು ಸಂಸಾರ ಎರಡೂ ಪೂರ್ತಿ ಕೈಬಿಟ್ಟುಹೋದವನಿಗೆ 100. ಆತಂಕಕ್ಕೊಂದು, ಖಿನ್ನತೆಗೊಂದು ಎಂದು ಬೇರೆ ಬೇರೆ ಅಂಕ ಕೊಟ್ಟು ಕೂಡಿಸುವುದಿಲ್ಲ. ಗಾಯದ ನೋವಿನಿಂದಲೋ ಕಿವಿಯಲ್ಲಿ ಸದಾ ಗುಂಯ್‌ಗುಡುವ ಸದ್ದಿನಿಂದಲೋ ಹುಟ್ಟಿದ ಆತಂಕಕ್ಕೂ, ಮೂಲ ತೊಂದರೆ ಸೇವೆಯದ್ದಾದರೆ, ಪರಿಹಾರವುಂಟು. 2025ರ ದರದಂತೆ ಅವಲಂಬಿತರಿಲ್ಲದವನಿಗೆ 10ಕ್ಕೆ ತಿಂಗಳಿಗೆ ಸುಮಾರು 175 ಡಾಲರ್, 100ಕ್ಕೆ ಸುಮಾರು 3,831 ಡಾಲರ್. ವೈಕಲ್ಯ ಶಾಶ್ವತ ಮತ್ತು ಸಂಪೂರ್ಣ ಎಂದು ತೀರ್ಮಾನವಾದರೆ ಮಕ್ಕಳ ಕಾಲೇಜು ಓದಿಗೂ ನೆರವು ದೊರೆಯುತ್ತದೆ. ಹಾಗಾಗಿ ಅಪ್ಪ ಬಾಯಿಬಿಟ್ಟು ಹೇಳುತ್ತಾನೋ ಇಲ್ಲವೋ ಎಂಬುದರ ಮೇಲೆ ಮಗಳ ಪದವಿಯೂ ನಿಂತಿರಬಹುದು.

ಇಷ್ಟು ಹಣದ ಮಾತು ಬಂದ ಮೇಲೆ ಮೋಸದ ಮಾತೂ ಬರಲೇಬೇಕು. ನಡುಕ ನಟಿಸಲು ಯಾರಿಗೆ ಬಾರದು? ಸುಳ್ಳು ಹೇಳಿ ಸಿಕ್ಕಿಬಿದ್ದು ಶಿಕ್ಷೆಯಾದವರೂ ಇದ್ದಾರೆ. ಆದರೆ ಅನುಮಾನಕ್ಕೂ ಅಳತೆ ಬೇಕು. 2005ರಲ್ಲಿ ಇಲಾಖೆಯ ತನಿಖಾಧಿಕಾರಿಗಳು ಪಿಟಿಎಸ್‌ಡಿಯ 2,100 ಕಡತಗಳನ್ನು ಬಿಚ್ಚಿ ನೋಡಿ, ಸುಮಾರು ಕಾಲು ಭಾಗದಲ್ಲಿ ತಕ್ಕ ಪುರಾವೆ ಇಲ್ಲ ಎಂದರು. ಅದೇ ಆಧಾರದ ಮೇಲೆ ಪೂರ್ಣ ಪರಿಹಾರ ಪಡೆಯುತ್ತಿದ್ದ 72,000 ಮಂದಿಯ ಕಡತಗಳನ್ನು ಮರುಪರಿಶೀಲಿಸುವುದಾಗಿ ಇಲಾಖೆ ಘೋಷಿಸಿತು. ಮನೋವ್ಯಾಧಿಗೆ ಚಿಕಿತ್ಸೆ ಪಡೆಯುತ್ತಿರುವವರಿಗೆ, 'ನೀವು ನಿಜ ಹೇಳಿದಿರೋ ಇಲ್ಲವೋ ಮತ್ತೆ ನೋಡುತ್ತೇವೆ' ಎಂಬ ಸುದ್ದಿ ಹೇಗೆ ಮುಟ್ಟಿರಬೇಡ! ಅದೇ ನವೆಂಬರ್‌ನಲ್ಲಿ ಯೋಜನೆಯನ್ನು ಕೈಬಿಟ್ಟರು. ಆ 2,100ನ್ನು ಮತ್ತೆ ನೋಡಿದಾಗ ಕಂಡದ್ದು ಕಚೇರಿಯ ಅವ್ಯವಸ್ಥೆ, ಕಾಣೆಯಾದ ಕಾಗದಗಳು. ವಂಚನೆಯಲ್ಲ ಎಂದು ಇಲಾಖೆಯೇ ಒಪ್ಪಿಕೊಂಡಿತು. ಕಾಗದ ಕಳೆದವರು ಸರ್ಕಾರದವರು, ಕಳ್ಳರೆನಿಸಿಕೊಳ್ಳುವ ಸರದಿ ಬಂದದ್ದು ಸೈನಿಕರಿಗೆ.

ಇನ್ನೊಂದು ಉಪಾಯವೂ ಬಳಕೆಯಲ್ಲಿತ್ತು. ತೊಂದರೆ ಕೊಡುವ ಸೈನಿಕನಿಗೆ 'ವ್ಯಕ್ತಿತ್ವ ದೋಷ' ಎಂದು ಬರೆದು ಮನೆಗೆ ಕಳುಹಿಸುವುದು. ಅದು ಹುಟ್ಟಿನಿಂದ ಬಂದ ಸ್ವಭಾವ ಎಂದು ಲೆಕ್ಕ, ಆದ್ದರಿಂದ ಪರಿಹಾರವಿಲ್ಲ. ಯುದ್ಧಕ್ಕೆ ಕಳಿಸುವಾಗ ಎಲ್ಲ ಸರಿಯಿದ್ದವನಲ್ಲಿ ಯುದ್ಧದ ನಂತರ ಹುಟ್ಟುದೋಷ ಪತ್ತೆಯಾಗುವ ಈ ವಿಚಿತ್ರದ ಬಗ್ಗೆ ಸಂಸತ್ತಿನಲ್ಲಿ ಗದ್ದಲವಾದ ಮೇಲೆ ನಿಯಮಗಳನ್ನು ಬಿಗಿಗೊಳಿಸಿದರು.

'ಹುಟ್ಟಿನಿಂದಲೇ ಇದ್ದದ್ದು' ಎಂಬ ಈ ಉತ್ತರ ನಮ್ಮ ದೇಶದ ಮಾಜಿ ಸೈನಿಕರಿಗೂ ಹೊಸದಲ್ಲ. ಮನೆಗೊಬ್ಬ ಸೈನಿಕನೆಂಬ ಹೆಸರಿನ ಕೊಡಗು, ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್ ನೆಲೆಸಿರುವ ಬೆಂಗಳೂರು ಇವೆಲ್ಲ ಇರುವ ನಾಡಿನಲ್ಲಿ ಈ ವಿಷಯ ದೂರದ್ದೇನಲ್ಲ. ನಮ್ಮಲ್ಲಿ ವೈಕಲ್ಯ ಪಿಂಚಣಿಗೆ, ಕಾಯಿಲೆ ಸೇವೆಯಿಂದ ಉಂಟಾದದ್ದು ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದು ಎಂದು ವೈದ್ಯಕೀಯ ಮಂಡಳಿ ಹೇಳಬೇಕು. 1982ರ ನಿಯಮಾವಳಿ ಸೈನಿಕನ ಪರವಾಗಿಯೇ ಇತ್ತು. ಅರ್ಹತೆಯನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರನ ಮೇಲಿಲ್ಲ, ಸಕಾರಣವಾದ ಸಂಶಯವಿದ್ದರೆ ಅದರ ಲಾಭ ಅವನಿಗೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಬರೆದದ್ದು ಒಂದು, ನಡೆಯುತ್ತಿದ್ದುದು ಇನ್ನೊಂದು.

2013ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇಂಥ ಎರಡು ಪ್ರಕರಣಗಳಲ್ಲಿ ಮಹತ್ವದ ತೀರ್ಪು ನೀಡಿತು. ಒಂದು, ಸೇವೆಯಲ್ಲಿದ್ದಾಗ ಮೂರ್ಛೆರೋಗ ಬಂದು ಮನೆಗೆ ಕಳಿಸಲ್ಪಟ್ಟ ಸಿಪಾಯಿ ಧರಮ್‌ವೀರ್ ಸಿಂಗ್ ಪ್ರಕರಣ. ಸೇರುವಾಗ ಕಾಯಿಲೆಯ ಟಿಪ್ಪಣಿ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂದದ್ದೆಂದು ಭಾವಿಸಬೇಕು; ಅಲ್ಲ ಎನ್ನುವುದಾದರೆ ವೈದ್ಯಕೀಯ ಮಂಡಳಿ ಕಾರಣ ಕೊಡಬೇಕು ಎಂದಿತು ಕೋರ್ಟು. ಇನ್ನೊಂದು ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿಯೊಂದಿಗೆ 1977ರಲ್ಲಿ ಹೊರಬಂದ ಸೈನಿಕನದ್ದು. ಮೂವತ್ತಾರು ವರ್ಷಗಳ ನಂತರ ಅವನನ್ನು ಮತ್ತೊಮ್ಮೆ ವೈದ್ಯಕೀಯ ಮಂಡಳಿಯ ಮುಂದೆ ಪರೀಕ್ಷಿಸಿ ಎಂದು ನ್ಯಾಯಾಲಯ ಹೇಳಬೇಕಾಯಿತು. ಬಾಗಿಲು ತೀರ ಅಗಲವಾಗಿಯೇನೂ ತೆರೆಯಲಿಲ್ಲ. 2019ರ ಇನ್ನೊಂದು ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಕೆಲವು ಮನೋರೋಗಗಳನ್ನು ಸೇರ್ಪಡೆಯ ಪರೀಕ್ಷೆಯಲ್ಲಿ ಕಂಡುಹಿಡಿಯುವುದೇ ಕಷ್ಟ, ಆಗ ಟಿಪ್ಪಣಿ ಇರಲಿಲ್ಲವೆಂದ ಮಾತ್ರಕ್ಕೆ ಪಿಂಚಣಿ ಕೊಡಲಾಗದು ಎಂದಿತು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ನಿಯಮಾವಳಿ ಬಂತು. ದುರುಪಯೋಗ ತಡೆಯಲು ಇದು ಬೇಕಿತ್ತೆಂದು ಸೇನೆ ಹೇಳಿದರೆ, ನಿಜವಾದ ರೋಗಿಗೂ ಇದರಿಂದ ಕುತ್ತು ಎಂದು ಮಾಜಿ ಸೈನಿಕರ ಸಂಘಟನೆಗಳು ಆಕ್ಷೇಪಿಸಿದವು. ಹೊಸದಾಗಿ ಅರ್ಜಿ ಹಾಕುವವರು ಯಾವ ನಿಯಮಾವಳಿ ತಮಗೆ ಅನ್ವಯಿಸುತ್ತದೆಂದು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು. ಮಂಡಳಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಇಲಾಖೆಯೊಳಗೇ ಮೇಲ್ಮನವಿ, ಆಮೇಲೆ 2009ರಿಂದ ಕೆಲಸ ಮಾಡುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ.

ಆದರೆ ನಿಯಮಕ್ಕಿಂತ ಮೊದಲೇ ಬರುವ ಗಂಟೊಂದಿದೆ; ಅದು ಎರಡೂ ದೇಶಗಳಲ್ಲಿ ಒಂದೇ. ನಮ್ಮ ಸೇನೆಯಲ್ಲಿ ಸೈನಿಕನ ಆರೋಗ್ಯವನ್ನು 'ಶೇಪ್' ಎಂಬ ಐದು ಅಕ್ಷರಗಳ ಇಂಗ್ಲಿಷ್ ಪದದಿಂದ ಅಳೆಯುತ್ತಾರೆ. ಕಿವಿ, ಕೈಕಾಲು, ದೇಹಸ್ಥಿತಿ, ಕಣ್ಣು ಎಲ್ಲಕ್ಕೂ ಒಂದೊಂದು ಅಕ್ಷರ. ಮೊದಲನೆಯ 'ಎಸ್' ಮನಸ್ಸಿನದ್ದು. ಆ ಅಕ್ಷರದ ಮುಂದಿನ ಅಂಕ ಒಂದರಿಂದ ಎರಡಕ್ಕೆ ಜಾರಿದರೆ ಬಡ್ತಿ, ಒಳ್ಳೆಯ ನೇಮಕ ಎಲ್ಲಕ್ಕೂ ತೊಡಕಾಗುತ್ತದೆಂಬ ಹೆದರಿಕೆ ಸೈನಿಕನಿಗೆ. ಜೊತೆಯವರ ಕಣ್ಣಿನಲ್ಲಿ ಸಣ್ಣವನಾಗುವ ಹೆದರಿಕೆ ಇನ್ನೂ ದೊಡ್ಡದು. ಹೀಗಾಗಿ ದಳದ ವೈದ್ಯರ ಬಳಿಗೆ ಹೋದಾಗ ಭಯ ಎನ್ನುವುದಿಲ್ಲ, ತಲೆನೋವು ಎನ್ನುತ್ತಾನೆ. ನಿದ್ದೆ ಬರುತ್ತಿಲ್ಲ ಎನ್ನುವುದಿಲ್ಲ, ಹೊಟ್ಟೆ ಸರಿಯಿಲ್ಲ ಎನ್ನುತ್ತಾನೆ. ಪುಸ್ತಕದಲ್ಲಿ ಅದೇ ದಾಖಲಾಗುತ್ತದೆ. ಹತ್ತು ವರ್ಷಗಳ ನಂತರ ಪಿಂಚಣಿಗೆ ಅರ್ಜಿ ಹಾಕಿದಾಗ ಮಂಡಳಿ ಅದೇ ಪುಸ್ತಕ ತೆರೆದು, ಸೇವೆಯಲ್ಲಿದ್ದಾಗ ಮನಸ್ಸಿನ ತೊಂದರೆಯ ಸುಳಿವೇ ಇಲ್ಲವಲ್ಲ ಎನ್ನುತ್ತದೆ. ಹೇಳಿದರೆ ನೌಕರಿಗೆ ಕುತ್ತು, ಹೇಳದಿದ್ದರೆ ಪುರಾವೆಗೆ ಕುತ್ತು.

ಈ ಗಂಟನ್ನು ಸಡಿಲಿಸುವ ಒಂದು ಪ್ರಯತ್ನವಾಗಿ 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗಾಗಿಯೇ 'ಟೆಲಿ ಮಾನಸ್' ದೂರವಾಣಿ ಘಟಕ ಆರಂಭವಾಯಿತು. ಇಡೀ ದೇಶದ ಟೆಲಿ ಮಾನಸ್ ಜಾಲಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಮೇಲ್ಕೇಂದ್ರ. ಸಾರ್ವಜನಿಕರಿಗಿರುವ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೂ ಮಾತಾಡಬಹುದು. ಸೈನಿಕನ ಮನೆಯವರೂ ಕರೆಮಾಡಬಹುದು. ಆದರೆ ದೂರವಾಣಿಯಲ್ಲಿ ಆಡಿದ ಮಾತು ತಾನಾಗಿ ಪಿಂಚಣಿಯ ಕಡತ ಸೇರುವುದಿಲ್ಲ. ಅದಕ್ಕೆ ಆಸ್ಪತ್ರೆಯ ಚೀಟಿ, ಬಿಡುಗಡೆ ಪತ್ರ, ವೈದ್ಯಕೀಯ ಮಂಡಳಿಯ ನಡಾವಳಿಯ ಪ್ರತಿ ಇವೇ ಬೇಕು. ರಜೆಯಲ್ಲಿ ಮನೆಗೆ ಬಂದ ಸೈನಿಕ ಇವನ್ನೆಲ್ಲ ಟ್ರಂಕಿನ ತಳದಲ್ಲಿ ಹಾಕಿ ಮರೆತಿರುತ್ತಾನೆ. ಕಾಲೇಜಿಗೆ ಹೋಗುವ ಮಗನೋ ಮಗಳೋ ಅವನ್ನು ಹೊರತೆಗೆದು, ತಾರೀಖಿನ ಪ್ರಕಾರ ಜೋಡಿಸಿ, ಎರಡೆರಡು ಜೆರಾಕ್ಸ್ ಮಾಡಿಸಿ ಬೇರೆ ಬೇರೆ ಕಡೆ ಇಡಲು ಒಂದು ಮಧ್ಯಾಹ್ನ ಸಾಕು.